ಕೊನೇ ಗದ್ದೆ

ಮೂರು ಗಂಟೆಗೆ ಎಚ್ಚರ.
ನಾಲಿಗೆ ಅಂಗುಳಕ್ಕೆ ಕಚ್ಚಿಕೊಂಡಿದೆ.
ಉಗುಳು ನುಂಗಲು ಹೋದರೆ ಉಗುಳೇ ಇಲ್ಲ.
ಮೂಗಿನೊಳಗೆ ಯಾರೋ ಸುಣ್ಣ ಬಳಿದು ಹೋದ ಹಾಗೆ.

ಮುಖದ ಮೇಲೆ ಸೊಂಡಿಲು. ಅದರ ಆ ತುದಿಗೆ,
ತಲೆದೆಸೆಯ ಸ್ಟೂಲಿನ ಮೇಲೆ, ಮಿಷನ್ನು
ಹಸಿ ಸೌದೆಯ ಒಲೆ ಊದುವವರ ಹಾಗೆ
ಊದುತ್ತಲೇ ಇದೆ.

ನಾನು ನೀರುಗಂಟಿ. ಮೂವತ್ತೊಂದು ವರ್ಷ
ಕೆರಗೋಡಿನ ಈಚೆಗೆ, ಹದಿನೇಳನೇ ತೂಬಿನಲ್ಲಿ
ನಾನ್ನೂರು ಎಕರೆಗೆ ನೀರು ಬಿಟ್ಟವನು.

ಮಂಡ್ಯದ ಆಸ್ಪತ್ರೆಯ ಹುಡುಗಿ ಶಾಹಿದಾ
ಮೊದಲ ದಿನವೇ ತೋರಿಸಿದ್ದಳು, ಮಿಷನ್ನಿನ ಬಗಲಲ್ಲಿ
ಅಂಗೈಯಗಲದ ತೊಟ್ಟಿ.
‘ಇದಕ್ಕೆ ನೀರು ಹುಯ್ಯಿ ತಾತ, ಈ ಗೆರೆ ದಾಟಿಸಬೇಡ.
ಗಾಳಿ ನೀರಿನ ಮೇಲೆ ಹಾದು
ಬೆಚ್ಚಗೆ, ಒದ್ದೆಯಾಗಿ ಬರ್ತದೆ.’
ನಕ್ಕುಬಿಟ್ಟೆ. ನನಗೇ ಗೆರೆ ತೋರಿಸ್ತೀಯಾ ಮಗಾ?

ಹುಯ್ಯಲಿಲ್ಲ. ಹಟ.
ಆರು ರಾತ್ರಿ ಒಣಗಾಳಿ ಕುಡಿದೆ.
ಏಳನೇ ಬೆಳಿಗ್ಗೆ ಸೀನಿದರೆ ಟವೆಲ್ಲಿನಲ್ಲಿ ನೆತ್ತರಿನ ಎಳೆ.
ಕೆಂಪಾಜಮ್ಮ ಮೂಗಿಗೆಂದು ಎಳ್ಳೆಣ್ಣೆ ತಂದಳು.
ಶಾಹಿದಾ ಫೋನಿನಲ್ಲೇ ಗದರಿದಳು: ‘ಎಣ್ಣೆ ಬೇಡ ಅಜ್ಜಿ,
ಉಪ್ಪುನೀರಿನ ಡ್ರಾಪ್ಸ್ ಹಾಕಿ.
ತಾತ ಬಾಯಿ ಬಿಟ್ಕೊಂಡು ಮಲಗ್ತಾರಾ?’
‘ಮದ್ವೆ ಆದಾಗಿಂದ’ ಅಂದಳು ನನ್ನ ಹೆಂಡತಿ.

ಅಲ್ಲಿಗೆ ಬಾಯಿಗೂ ಒಡ್ಡು. ಗದ್ದದಡಿಯಿಂದ ನೆತ್ತಿಗೆ
ಒಂದು ಪಟ್ಟಿ, ಮಡೆ ಕಿತ್ತ ಕಡೆ ಮಣ್ಣು ಮೆತ್ತಿದ ಹಾಗೆ.
ಬದು ಬಿಟ್ಟರೆ ನೀರು, ಬಾಯಿ ಬಿಟ್ಟರೆ ಗಾಳಿ.
ಈ ಲೆಕ್ಕ ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೋರಿನ ನೀರು ಹುಯ್ದೆವು, ತೊಟ್ಟಿಯ ತಳದಲ್ಲಿ ಬಿಳೀ ಹಕ್ಕಳೆ.
ಕಾಯಿಸಿ ಆರಿಸಿದರೂ ಅಷ್ಟೆ.
ಮೆಡಿಕಲ್ ಸ್ಟೋರಿನಿಂದ ಬಾಟಲಿಯಲ್ಲಿ ತಂದೆವು,
ಯಾವ ಊರಿನ ರುಚಿಯೂ ಇಲ್ಲದ ನೀರು.
ಬಿಸಿಯನ್ನು ನಾಲ್ಕಕ್ಕೆ ಏರಿಸಿದರೆ
ಧನುರ್ಮಾಸದ ಚಳಿಗೆ ಪೈಪಿನೊಳಗೇ ಹನಿಗಟ್ಟಿ
ಬೆಳಗಿನ ಜಾವ ಮೂಗಿಗೆ ಟಪ್ ಟಪ್.
ಕೆಂಪಾಜಮ್ಮ ಹಸಿರು ಸ್ವೆಟರಿನ ತೋಳು ಕತ್ತರಿಸಿ
ಪೈಪಿಗೆ ತೊಡಿಸಿದಳು.
ಉಳಿದ ಅರ್ಧ ಸ್ವೆಟರು ಅವಳೇ ಹಾಕಿಕೊಳ್ಳುತ್ತಾಳೆ.

ಇವತ್ತು ತೊಟ್ಟಿ ಬರಿದು. ನಾನೇ ಮರೆತೆ.

ಇದೇ ಹೊತ್ತಲ್ಲವೇ, ಆಗ,
ಕೊನೇ ಗದ್ದೆಯ ನಿಂಗಾಜಮ್ಮ ಲಾಟೀನು ಹಿಡಿದು
ಬದುವಿನ ಮೇಲೆ ಬರುತ್ತಿದ್ದದ್ದು:
‘ನೀರ್ಗಂಟಣ್ಣೋ, ನನ್ ಪಾಳಿ ಮೂರಕ್ಕೆ.’
ನಾನು ತೂಬಿನ ಕಲ್ಲಿಗೆ ಒರಗಿ ಗೊರಕೆ.
ನೀರು ಮೇಲಿನವರ ಕಬ್ಬಿಗೆ ನುಗ್ಗಿ, ತುಂಬಿ, ಹಳ್ಳ ಸೇರಿ
‘ಕುಡ್ದು ಬಿದ್ದವ್ನೆ’ ಅಂದರು.
ಕುಡಿದಿರಲಿಲ್ಲ. ಏನಾಗಿತ್ತು ಅಂತ ಹೇಳಲು
ನನ್ನ ಹತ್ತಿರ ಮಾತಿರಲಿಲ್ಲ.
ಆ ವರ್ಷ ಅವಳ ಪೈರು ಕೆಂಪಾಯಿತು.
ಆಯ ಕೇಳಲು ನಾನು ಹೋಗಲಿಲ್ಲ;
ಅವಳೇ ತಂದು ಜಗುಲಿಯಲ್ಲಿಟ್ಟಳು,
ಒಂದು ಮೊರ ಭತ್ತ. ಮಾತಾಡಲಿಲ್ಲ.

ಹೋದ ತಿಂಗಳು ರೇಷನ್ ಅಂಗಡಿಯ ಸಾಲಿನಲ್ಲಿ
ಅವಳಿಗೆ ಎಲ್ಲ ಹೇಳಿದೆ. ಗಂಟೆಗೆ ನಲವತ್ತೆರಡು ಸಲ
ಉಸಿರು ನಿಲ್ಲುತ್ತಿತ್ತಂತೆ, ಅದಕ್ಕೇ ಹಗಲೂ ರಾತ್ರಿ ತೂಕಡಿಕೆ,
ಈಗ ಮಿಷನ್ನು, ಅದಕ್ಕೊಂದು ತೊಟ್ಟಿ.
ಕೇಳಿಸಿಕೊಂಡು, ಅಕ್ಕಿ ಚೀಲ ಸೊಂಟಕ್ಕೇರಿಸಿ ಅಂದಳು:
‘ಅಲ್ಲಾ ನೀರ್ಗಂಟಣ್ಣ, ಆ ತೊಟ್ಟಿ ನೀರು
ಬೆಳಗಾನ ಸಾಕಾಯ್ತದಾ, ಇಲ್ಲಾ
ನಿನ್ ಗಂಟ್ಲೂ ಕೊನೇ ಗದ್ದೇನಾ?’

ಪಕ್ಕದಲ್ಲಿ ಕೆಂಪಾಜಮ್ಮ ಏಳುತ್ತಾಳೆ.
ದೀಪ ಹಾಕುವುದಿಲ್ಲ. ಬಾಟಲಿಯ ಮುಚ್ಚಳ ತಿರುವಿ
ಗೆರೆಯ ತನಕ, ಕಿವಿಯಲ್ಲೇ ಅಳೆದು, ಹುಯ್ಯುತ್ತಾಳೆ.
ತೊಟ್ಟಿ ಕೂರುವ ಟಕ್.
ನೀರು ಬಿಸಿಯಾಗಬೇಕು. ಕಾಯುತ್ತೇನೆ.
ಹಸಿರು ತೋಳಿನೊಳಗಿಂದ
ನಿಧಾನಕ್ಕೆ, ಒದ್ದೆ ಗಾಳಿ.

ಗೋಡೆ ಗಡಿಯಾರದಲ್ಲಿ ಮೂರೂಕಾಲು.
ಕಾಲು ಗಂಟೆ ತಡ.
ಇರಲಿ, ಬಂತು.